ಲೆಕ್ಕ ಬರೆಯೋ ಕೈ

ಜುಲೈ 14, 2024, ಭಾನುವಾರ, ಕೋಲಾರ

ಮೂರು ಸಲ ಸೋಪು ಹಾಕಿ ತೊಳೆದ್ರೂ ಉಗುರು ಸಂದೀಲಿ ಹಸಿರು ಕಪ್ಪು ಕರೆ ಹೋಗಿಲ್ಲ. ಟಮೋಟ ಗಿಡದ ಕರೆ, ಕಿತ್ತವರಿಗೆ ಗೊತ್ತಿರುತ್ತೆ. ಹತ್ತು ವರ್ಷದಿಂದ ಎಪಿಎಂಸಿ ಮಂಡೀಲಿ ಲೆಕ್ಕ ಬರೀತಿದ್ದೀನಿ, ಬಾಕ್ಸ್ ಎಷ್ಟು, ರೇಟ್ ಎಷ್ಟು, ಕಮಿಷನ್ ಎಷ್ಟು, ಇದೇ ಕೆಲಸ. ಹಣ್ಣು ಕಿತ್ತಿದ್ದು ಇವತ್ತೇ, ವೇಮಗಲ್ ಕಡೆ ನನ್ನ ತಮ್ಮನ ತೋಟದಲ್ಲಿ.

ಅವನ ವಿಷಯ ಹೀಗೆ ಬಿಡಿಸಿ ಯಾವತ್ತೂ ಬರೆದಿಲ್ಲ. 2022ರಲ್ಲಿ ಸಸಿ, ಕಡ್ಡಿ, ಡ್ರಿಪ್ ಅಂತ ನನ್ನ ಹತ್ರ 80,000 ತಗೊಂಡಿದ್ದ. ಹೋದ ವರ್ಷ ಇದೇ ಜುಲೈಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟ್ತಲ್ಲ, ಅವನ ತೋಟದಲ್ಲೂ ಹಣ್ಣಿತ್ತು, ಕೈತುಂಬ ದುಡ್ಡು ಬಂತು, ನನಗೆ ಒಂದು ರೂಪಾಯಿ ಬರ್ಲಿಲ್ಲ. ಕೇಳಿದ್ದಕ್ಕೆ ಅಮ್ಮನ ವರ್ಷದ ಪ್ರಾರ್ಥನೆ ದಿನ ನೆಂಟರ ಎದುರಿಗೇ "ನಿನಗೆ ತಮ್ಮ ಬೇಕಾಗಿಲ್ಲ, ಬಡ್ಡಿ ಬೇಕು" ಅಂದ. ಬಡ್ಡಿ ಮಾತು ನಾನು ಎತ್ತೇ ಇರ್ಲಿಲ್ಲ. ಆಮೇಲೆ ಅವನ ಮಾಲು ಬೇರೆ ಮಂಡಿಗೆ ಹೋಯ್ತು, ಮಾತೂ ನಿಂತೋಯ್ತು.

ಮೇ ತಿಂಗಳಲ್ಲಿ ಚರ್ಚಲ್ಲಿ ಅಯ್ಯನವರು ಬೈಬಲಲ್ಲಿ ಅಪೊಸ್ತಲ ಪೌಲ ಬರೆದ ಒಂದನೇ ಕೊರಿಂಥ ಪತ್ರದ 13ನೇ ಅಧ್ಯಾಯ ತಗೊಂಡಿದ್ರು. ಪ್ರೀತಿ ಅಪಕಾರನ ಮನಸ್ಸಲ್ಲಿ ಇಟ್ಕೊಳ್ಳಲ್ಲ ಅನ್ನೋ ಜಾಗದಲ್ಲಿ ಪೌಲ ಗ್ರೀಕಲ್ಲಿ ಬಳಸಿರೋ ಮಾತು ವ್ಯಾಪಾರದೋರು ಲೆಕ್ಕಕ್ಕೆ ಬರ್ಕೊಳ್ಳೋದಕ್ಕೆ ಹೇಳ್ತಿದ್ದ ಮಾತಂತೆ. ನನಗೆ ಎದೆಗೆ ಹೊಡೆದಂಗಾಯ್ತು, ಯಾಕಂದ್ರೆ ನನ್ನ ಡೈರಿ ಹಿಂದಿನ ಪುಟದಲ್ಲಿ ಅವನು ಆಡಿದ ಮಾತು ತಾರೀಖು ಸಮೇತ ಬರೆದಿಟ್ಟಿದ್ದೆ, 80,000ದ ಕೆಳಗೇ.

ಅಮ್ಮ ಇದ್ದಾಗ ರಾತ್ರಿ ಪ್ರಾರ್ಥನೇಲಿ ಬೈಬಲಿನ 136ನೇ ಕೀರ್ತನೆ ಓದೋಳು. ಅದರಲ್ಲಿ 26 ವಚನ, 26 ಸಲಾನೂ ಆತನ ಕೃಪೆ ಶಾಶ್ವತ ಅನ್ನೋ ಮಾತೇ ಬರುತ್ತೆ, ಅದನ್ನ ನಾವಿಬ್ರೂ ಹೇಳ್ಬೇಕು. ಹತ್ತನೇದಕ್ಕೆಲ್ಲ ತಮ್ಮ ನನ್ನ ತೊಡೆ ಮೇಲೆ ನಿದ್ದೆ ಹೋಗಿರೋನು, ಆದ್ರೂ ಅಮ್ಮ ನಿಲ್ಲಿಸಿದ ಕಡೆ ನಿದ್ದೇಲೇ "ಶಾಶ್ವತ" ಅನ್ನೋನು. ಆ ಕೃಪೆಗೆ ಇಬ್ರಿಯ ಭಾಷೇಲಿ, ಅಂದ್ರೆ ಹೀಬ್ರೂನಲ್ಲಿ, ಹೆಸೆದ್ ಅಂತಾರೆ, ಹಿಡಿದ ಕೈ ಬಿಡದ ಪ್ರೀತಿ, ಎದುರಿನವನು ಯೋಗ್ಯನಾ ಅಂತ ನೋಡಿ ಕೊಡೋದಲ್ಲ. ನನಗೆ ದೇವರು ಹಾಗೆ ಕೊಟ್ಟಿದ್ದಾನೆ, ನಾನು ತಮ್ಮನ ಹತ್ರ ಮಾತ್ರ ರಸೀದಿ ಕೇಳ್ತಾ ಕೂತಿದ್ದೆ.

ಜೂನ್ ಮೊದಲನೇ ಭಾನುವಾರದಿಂದ ಚರ್ಚ್ ಮುಗಿಸ್ಕೊಂಡು ತಮ್ಮನ ಮನೆಗೆ ಹೋಗ್ತಿದ್ದೀನಿ. ಮನೆಯವಳು ಕ್ಯಾರಿಯರ್‌ಗೆ ಮುದ್ದೆ, ಸಾರು ಹಾಕ್ಕೊಡ್ತಾಳೆ. ಮೊದಲ ವಾರ ನನ್ನ ನೋಡಿ ಎದ್ದು ತೋಟಕ್ಕೆ ಹೋದ. ಎರಡನೇ ವಾರಾನೂ ಅಷ್ಟೇ. ನಾದಿನಿ ಪಾಪ ಮುಖ ಸಣ್ಣ ಮಾಡ್ಕೊಂಡು "ಕೂತ್ಕೊಳ್ಳಿ ಭಾವ" ಅಂತ ಕಾಫಿ ಕೊಡೋಳು. ವಾಪಸ್ ಬರೋವಾಗ ಬೈಕಲ್ಲಿ ಅತ್ತಿದ್ದೂ ಉಂಟು. ಪ್ರೀತಿ ಮಾಡ್ಬೇಕು ಅಂತ ಮನಸ್ಸು ಮಾಡಿದ ತಕ್ಷಣ ನೋವು ಹೋಗಿಬಿಡಲ್ಲ, ಇದನ್ನ ಯಾರಾದ್ರೂ ಮೊದಲೇ ಹೇಳಿದ್ರೆ ಚೆನ್ನಾಗಿತ್ತು.

ಇವತ್ತು ಅವನೇ ಕಾಣ್ಲಿಲ್ಲ ಅಂತ ತೋಟಕ್ಕೇ ಹೋದೆ. ಅರ್ಧ ತೋಟ ಎಲೆ ಮುರುಟಿ ಹೋಗಿದೆ, ಬಿಳಿ ನೊಣ. ಕೂಲಿಯೋರು ಬಂದಿಲ್ಲ, ಒಬ್ಬನೇ ಕೀಳ್ತಿದ್ದ. ನಾನು ಏನೂ ಮಾತಾಡದೆ ಚರ್ಚಿನ ಬಿಳಿ ಶರ್ಟಿನ ತೋಳು ಮಡಚಿ ಪಕ್ಕದ ಸಾಲಿಗೆ ಇಳಿದೆ. ಎರಡು ಗಂಟೆ ಹೊತ್ತು ಕಿತ್ವಿ, "ಕಾಯಿ ಬಿಡು, ಬಣ್ಣ ತಿರುಗಿರೋದು ತೆಗಿ" ಅಂದಿದ್ದಷ್ಟೇ ಅವನು. ಮುಗಿದ ಮೇಲೆ ಕೈ ತೊಳೆಯೋಕೆ ಹೋದ್ರೆ ನೊರೆ ಹಳದಿಯಾಯ್ತು, ಕರೆ ಹೋಗ್ಲಿಲ್ಲ. ಅವನು ಒಂದು ಹುಳಿ ಟಮೋಟ ಕಾಯಿ ಹಿಚುಕಿ, ನನ್ನ ಕೈ ಹಿಡ್ಕೊಂಡು, ಬೆರಳು ಬೆರಳಿಗೂ ಉಜ್ಜಿದ. ಅಮ್ಮ ನಮಗೆ ಹಂಗೇ ಮಾಡೋಳು.

ದುಡ್ಡಿನ ಮಾತು ಅವನೂ ಎತ್ಲಿಲ್ಲ ನಾನೂ ಎತ್ಲಿಲ್ಲ. ಬೈಕ್ ಹತ್ತೋವಾಗ "ಅಣ್ಣಾ, ನಾಳೆ 40 ಬಾಕ್ಸ್ ಇದೆ, ನಿಮ್ಮ ಮಂಡಿಗೇ ತರ್ಲಾ" ಅಂದ.

ತಾ ಅಂದೆ. ಬೇಗ ಹೋಗಿ ಜಾಗ ಹಿಡಿಬೇಕು, ಮಲಗ್ತೀನಿ.