ಬಯಲಿನಲ್ಲಿಟ್ಟ ಗಾಡಿ ಕೊಳೆಯುವುದು ಕೆಳಗಿನಿಂದ

ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮರದ ಗಾಡಿ, ಕಬ್ಬಿಣದ ಯಂತ್ರ, ಕೆತ್ತಿದ ಕಲ್ಲು ಇಡುವಾಗ ಮೊದಲ ಚರ್ಚೆ ಬಣ್ಣದ್ದೋ ವಾರ್ನಿಷಿನದ್ದೋ ಆಗಿರುತ್ತದೆ. ಮೊದಲು ನೋಡಬೇಕಾದದ್ದು ನೆಲವನ್ನು. ಮೇಲೆ ಬಿದ್ದ ಮಳೆ ಗಾಳಿಗೆ ಆರುತ್ತದೆ, ನೆಲಕ್ಕೆ ತಾಗಿದ ಕಡೆ ತೇವ ಉಳಿದೇ ಇರುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು.

ಗಾಡಿ ನಿಲ್ಲುವ ಜಾಗದಲ್ಲಿ 15 ಸೆಂ.ಮೀ. ಅಗೆದು 20 ಮಿ.ಮೀ. ಜಲ್ಲಿ ತುಂಬಿ. ಅಗೆದ ತಳಕ್ಕೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಬೇಕು, ಇಲ್ಲವಾದರೆ ಜಲ್ಲಿಯ ಕೆಳಗೇ ನೀರು ನಿಲ್ಲುತ್ತದೆ. ಅಚ್ಚಿನ ಕೆಳಗೆ ಆನಿಕೆ ಕೊಟ್ಟು ಭಾರವನ್ನು ಅದರ ಮೇಲೆ ಹೊರಿಸಿ, ಚಕ್ರ ನೆಲದಿಂದ ಒಂದೆರಡು ಸೆಂ.ಮೀ. ಮೇಲಿರಲಿ. ಮೂರು ತಿಂಗಳಿಗೊಮ್ಮೆ ಚಕ್ರವನ್ನು ಕಾಲು ಸುತ್ತು ತಿರುಗಿಸಿ. ಮಳೆನೀರು ಅರೆಕಾಲಿನ (ಚಕ್ರದ ನಡುವಿನಿಂದ ಅಂಚಿಗೆ ಹೋಗುವ ಮರದ ಕಡ್ಡಿಯ) ಗುಂಟ ಇಳಿದು ಕೆಳಗಿನ ಜೋಡಣೆಯಲ್ಲಿ ಸೇರುತ್ತದೆ. ತಿರುಗಿಸದೆ ಬಿಟ್ಟರೆ ಪ್ರತಿ ಸಲವೂ ನೆನೆಯುವುದು ಅದೇ ಜೋಡಣೆ. ಒಣಹವೆಯಲ್ಲಿ ಮರ ಕುಗ್ಗಿ ಚಕ್ರದ ಸುತ್ತಲಿನ ಕಬ್ಬಿಣದ ಪಟ್ಟಿ, ಅಂದರೆ ಹಳಿ, ಸಡಿಲವಾದಾಗ ಚಕ್ರಕ್ಕೆ ನೀರು ಹೊಯ್ದು ಉಬ್ಬಿಸಬೇಡಿ. ಓಡುವ ಗಾಡಿಗೆ ಅದು ಸರಿ, ನಿಂತ ಗಾಡಿಯಲ್ಲಿ ಆ ನೀರು ಹಳಿಯ ಒಳಮೈಯಲ್ಲೇ ಉಳಿದು ತುಕ್ಕು ಹಿಡಿಸುತ್ತದೆ.

ದಪ್ಪ ವಾರ್ನಿಷ್ ನನಗೆ ಒಪ್ಪಿಗೆಯಿಲ್ಲ. ಬಿಸಿಲಿಗೆ ಅದು ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಪದರದಡಿ ಸಿಕ್ಕಿಕೊಳ್ಳುತ್ತದೆ. ಕುದಿಸಿದ ಅಗಸೆ ಎಣ್ಣೆಗೆ ಸಮಪಾಲು ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, ಹೀರದೆ ಉಳಿದದ್ದನ್ನು 20 ನಿಮಿಷದಲ್ಲಿ ಒರೆಸಿ ತೆಗೆಯಿರಿ. ಮರದ ಕೊಯ್ದ ತುದಿಗಳು ಪಕ್ಕದ ಮೈಗಿಂತ ಬಹಳ ಹೆಚ್ಚು ನೀರು ಹೀರುವುದರಿಂದ ಅಲ್ಲಿಗೆ ಎರಡು ಮೂರು ಸಲ ಹಚ್ಚಬೇಕು. ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ! ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.

ಮಳೆಗಾಲಕ್ಕೆಂದು ಪ್ಲಾಸ್ಟಿಕ್ ಟಾರ್ಪಾಲಿನ್ ಸುತ್ತಿ ಕಟ್ಟುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಒಳಗಿನ ತೇವ ರಾತ್ರಿ ತಣಿದು ಹನಿಯಾಗಿ ವಸ್ತುವಿನ ಮೇಲೇ ಬೀಳುತ್ತದೆ. ನಾಲ್ಕೂ ಕಡೆ ತೆರೆದ ಸಾದಾ ಮಾಡು ಸಾಕು. ಸೂರಿನ ನೀರು ಮಾತ್ರ ವಸ್ತುವಿನಿಂದ ಕನಿಷ್ಠ 60 ಸೆಂ.ಮೀ. ಆಚೆ ಬೀಳಬೇಕು.

ಕಬ್ಬಿಣದ ಯಂತ್ರದಲ್ಲಿ ನೀರು ನಿಲ್ಲುವ ಕುಳಿಗಳನ್ನು ಹುಡುಕಿ, ಯಂತ್ರವನ್ನೇ ತುಸು ವಾಲಿಸಿ ನೀರು ಹರಿಯುವಂತೆ ಮಾಡಿ. ಮೂಲ ಲೋಹಕ್ಕೆ ತೂತು ಕೊರೆಯುವುದು ಕೊನೆಯ ದಾರಿ. ಹಳೆಯ ಬಣ್ಣದ ಗುರುತು ಉಳಿದಿದ್ದರೆ ಮರಳು ಚಿಮ್ಮಿಸಿ ಕೆರೆಯಿಸಬೇಡಿ, ಆ ಬಣ್ಣವೂ ದಾಖಲೆಯೇ.

ಕಲ್ಲನ್ನು ನೇರವಾಗಿ ಸಿಮೆಂಟಿನಲ್ಲಿ ಹೂತರೆ ಸಿಮೆಂಟಿನ ಲವಣ ತೇವದೊಂದಿಗೆ ಕಲ್ಲಿನೊಳಗೆ ಏರುತ್ತದೆ. ನೆಲದಿಂದ ತುಸು ಮೇಲೆ ನೀರು ಆರಿದಲ್ಲಿ ಅದು ಹರಳುಗಟ್ಟಿ ಮೈಯನ್ನು ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ. ಸುಣ್ಣದ ಗಾರೆ ಬಳಸಿ. ಮುರಿದ ಕಲ್ಲನ್ನು ಕೂಡಿಸಲು ಸಾದಾ ಕಬ್ಬಿಣದ ಸರಳು ಬೇಡ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನೇ ಸೀಳುತ್ತದೆ. ಪಾಚಿಗೆ ಆಸಿಡ್, ತಂತಿ ಬ್ರಷ್ ಎರಡೂ ಬೇಡ. ನೀರು, ಮೆತ್ತನೆಯ ನೈಲಾನ್ ಬ್ರಷ್ ಸಾಕು, ಆದರೆ ಮೈ ಪುಡಿಯಾಗಿ ಉದುರುತ್ತಿದ್ದರೆ ಅದನ್ನೂ ಮುಟ್ಟಿಸದೆ ಸಂರಕ್ಷಣಾ ತಜ್ಞರನ್ನು ಕರೆಯಿರಿ.