ಅಪೆಂಡಿಕ್ಸ್ ಆಪರೇಷನ್ ಆಯ್ತು, ಮೋಷನ್ ಯಾಕೆ ಸರಿಯಾಗಿ ಆಗ್ತಿಲ್ಲ?

ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್. ಡಿಸ್ಚಾರ್ಜ್ ಆಗಿ ಮನೆಗೆ ಹೋದವರು ಫೋನ್ ಮಾಡಿದರೆ ಗಾಯದ ಬಗ್ಗೆ ಕೇಳುವುದು ಕಡಿಮೆ. "ಸಿಸ್ಟರ್, ನಾಲ್ಕು ದಿನ ಆಯ್ತು, ಇನ್ನೂ ಮೋಷನ್ ಆಗಿಲ್ಲ. ಒಳಗೆ ಏನಾದ್ರೂ ಕಟ್ಕೊಂಡಿದೆಯಾ?" ಅನ್ನುವವರೇ ಜಾಸ್ತಿ. ಕೆಲವರಿಗೆ ಇದರ ಉಲ್ಟಾ, ನೀರಿನ ಹಾಗೆ ಹೋಗುತ್ತಿರುತ್ತದೆ. ಅಪೆಂಡಿಕ್ಸ್ ತೆಗೆದದ್ದಕ್ಕೆ ಜೀರ್ಣಶಕ್ತಿಯೇ ಹೋಯಿತೇನೋ ಎಂಬ ಭಯ ಮಾತ್ರ ಎಲ್ಲರಿಗೂ ಇರುತ್ತದೆ.

ಆ ಭಯ ಬೇಡ. ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ ಅಂಟಿಕೊಂಡಿರುವ ಸಣ್ಣ ಕೊಳವೆ ಅದು. ಅದರ ತುದಿ ಮುಚ್ಚಿರುತ್ತದೆ. ತಿಂದ ಊಟ ಅದರ ಮೂಲಕ ಹಾದುಹೋಗುವುದೇ ಇಲ್ಲ. ತೆಗೆದ ಮೇಲೂ ಊಟದ ದಾರಿ ಮೊದಲಿನ ಹಾಗೇ ಇರುತ್ತದೆ.

ಹಾಗಾದರೆ ಮೋಷನ್ ನಿಲ್ಲುವುದು ಯಾಕೆ? ಹೊಟ್ಟೆಯ ಆಪರೇಷನ್ ಆದಾಗ ಕರುಳಿನ ಚಲನೆ ಸ್ವಲ್ಪ ಕಾಲ ನಿಂತುಹೋಗುತ್ತದೆ. ಸಣ್ಣ ಕರುಳು ಸಾಮಾನ್ಯವಾಗಿ 24 ಗಂಟೆಯೊಳಗೆ ಎಚ್ಚರವಾಗುತ್ತದೆ. ದೊಡ್ಡ ಕರುಳಿಗೆ 48ರಿಂದ 72 ಗಂಟೆ ಬೇಕಾಗಬಹುದು. ರೌಂಡ್ಸಿಗೆ ಬಂದ ಡಾಕ್ಟರು "ಗ್ಯಾಸ್ ಹೋಯ್ತಾ?" ಎಂದು ಕೇಳುವುದು ಇದಕ್ಕೇ. ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು, ನಾಚಿಕೆಯಿಂದ ಸುಮ್ನೆ ತಲೆಯಾಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಗ್ಯಾಸ್ ಹೋಗುತ್ತಿದೆ, ಹೊಟ್ಟೆ ಮೆತ್ತಗಿದೆ, ತಿಂದದ್ದು ವಾಂತಿಯಾಗುತ್ತಿಲ್ಲ ಅಂದರೆ ಮೋಷನ್ ಎರಡು ದಿನ ತಡವಾದರೂ ನನಗೆ ಚಿಂತೆಯಿಲ್ಲ. ಆಪರೇಷನ್ನಿಗೆ ಮುಂಚೆ ಉಪವಾಸ, ಆಮೇಲೆ ಎರಡು ಗುಟುಕು ಗಂಜಿ. ಹೊರಗೆ ಬರಲು ಒಳಗೆ ಏನಾದರೂ ಇರಬೇಕಲ್ವಾ?

ಮನೆಗೆ ಹೋದ ಮೇಲೂ ಮಲ ಗಟ್ಟಿಯಾಗಿದ್ದರೆ ಮಾತ್ರೆಗಳನ್ನು ನೋಡಿ. ಟ್ರಮಡಾಲ್ ಇರುವ ನೋವಿನ ಮಾತ್ರೆ ಕರುಳನ್ನು ನಿಧಾನ ಮಾಡುತ್ತದೆ. ಮಲ ಒಳಗೇ ಉಳಿದಷ್ಟೂ ಅದರ ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ನೋವು ತಡೆಯುವಷ್ಟಿದ್ದರೆ ಬರೀ ಪ್ಯಾರಾಸಿಟಮಾಲ್ ಸಾಕಾ ಎಂದು ಡಾಕ್ಟರನ್ನು ಕೇಳಿ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ಇನ್ನು ಪಥ್ಯ. ನನಗೆ ಅತಿ ಹೆಚ್ಚು ಬೇಸರ ತರಿಸುವುದು ಇದೇ. ನಮ್ಮ ಮನೆಗಳಲ್ಲಿ ಆಪರೇಷನ್ ಆದವರಿಗೆ ಬ್ರೆಡ್ಡು, ರಸ್ಕು, ಟೀ, ತಿಳಿಸಾರು ಅನ್ನ. ತರಕಾರಿ ಕೊಟ್ಟರೆ ನಂಜಾಗಿ ಗಾಯ ಕೀವು ಕಟ್ಟುತ್ತದಂತೆ. ಬದನೆಕಾಯಿ ಬೇಡ, ಕುಂಬಳಕಾಯಿ ಬೇಡ, ಬಾಳೆಹಣ್ಣು ಶೀತ. ನೀರು ಕುಡಿದರೂ ಹೊಲಿಗೆ ಹಸಿಯಾಗುತ್ತದೆ ಎಂದು ತಡೆಯುವ ಅಜ್ಜಿಯರಿದ್ದಾರೆ. ಅವರ ಕಾಳಜಿ ನಿಜವಾದದ್ದೇ. ಆದರೆ ಗಾಯ ಕೀವಾಗುವುದು ಸೋಂಕಿನಿಂದ, ತರಕಾರಿಯಿಂದ ಅಲ್ಲ. ನಾರಿಲ್ಲ, ನೀರಿಲ್ಲ, ಇಡೀ ದಿನ ಮಲಗಿಯೇ ಇರುವುದು. ಹೀಗಿದ್ದರೆ ಆಪರೇಷನ್ ಆಗದವರಿಗೂ ಮಲಬದ್ಧತೆ ಬರುತ್ತದೆ!

ಡಾಕ್ಟರು ಊಟಕ್ಕೆ ಹೂಂ ಅಂದ ಮೇಲೆ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಇಡ್ಲಿ, ರಾಗಿ ಅಂಬಲಿಯಿಂದ ಶುರು ಮಾಡಿ. ಹೊಟ್ಟೆ ಒಪ್ಪಿದ ಹಾಗೆ ಸೋರೆಕಾಯಿ, ಹೀರೆಕಾಯಿ, ಪರಂಗಿಹಣ್ಣು ಸೇರಿಸಿ. ನೀರು, ನೀರು ಮಜ್ಜಿಗೆ ಆಗಾಗ ಕುಡಿಯಿರಿ. ಕಿಡ್ನಿ, ಹೃದಯದ ತೊಂದರೆ ಇರುವವರು ನೀರಿನ ಲೆಕ್ಕ ಡಾಕ್ಟರನ್ನೇ ಕೇಳಬೇಕು. ಅಂಗಳದಲ್ಲಿ, ಟೆರೇಸಿನ ಮೇಲೆ ದಿನಕ್ಕೆ ನಾಲ್ಕೈದು ಸಲ ಮೆಲ್ಲಗೆ ಓಡಾಡಿ.

ಟಾಯ್ಲೆಟ್ಟಿನಲ್ಲಿ ತಿಣುಕಬೇಡಿ. ಕುಕ್ಕರಗಾಲಲ್ಲಿ ಕೂರಲು ನೋವಾದರೆ ಕಮೋಡ್ ಬಳಸಿ, ಕಾಲ ಕೆಳಗೆ ಸಣ್ಣ ಮಣೆ ಇಟ್ಟುಕೊಳ್ಳಿ. ಹೊಲಿಗೆ ಬಿಚ್ಚುತ್ತದೆ ಎಂಬ ಹೆದರಿಕೆಗೆ ಬಂದದ್ದನ್ನು ತಡೆದುಕೊಳ್ಳುವವರೂ ಇದ್ದಾರೆ. ತಡೆದಷ್ಟೂ ಅದು ಗಟ್ಟಿಯಾಗುತ್ತದೆ. ಹರಳೆಣ್ಣೆ ಕುಡಿಯುವುದು, ಮನೆಯಲ್ಲೇ ಎನಿಮಾ ಕೊಡುವುದು ಎರಡೂ ಬೇಡ. ಬೇಕಿದ್ದರೆ ಡಾಕ್ಟರು ಲ್ಯಾಕ್ಟುಲೋಸಿನಂಥ ಸಿರಪ್ ಬರೆದುಕೊಡುತ್ತಾರೆ.

ಲೂಸ್ ಮೋಷನ್ ಆಗುವವರಿಗೆ ಬಹುಪಾಲು ಆಂಟಿಬಯೋಟಿಕ್ಕೇ ಕಾರಣ. ಅದು ಸೋಂಕಿನ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ದಿನಕ್ಕೆ ಒಂದೆರಡು ಸಲ ಸಡಿಲವಾಗಿ ಹೋದರೆ ಕೋರ್ಸ್ ಮುಗಿದ ಮೇಲೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ನೀರಿನ ಹಾಗೆ ಮತ್ತೆ ಮತ್ತೆ ಹೋಗುತ್ತಿದ್ದರೆ ಓಆರ್‌ಎಸ್ ಕುಡಿಯುತ್ತಾ ಆಸ್ಪತ್ರೆಗೆ ತಿಳಿಸಿ. ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗಬೇಡಿ. ಕೆಲವು ಸೋಂಕುಗಳಲ್ಲಿ ಅದರಿಂದ ಕೆಡುಕೇ ಜಾಸ್ತಿ. ಆಂಟಿಬಯೋಟಿಕ್ಕನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಅಪೆಂಡಿಕ್ಸ್ ಒಡೆದು ಆಪರೇಷನ್ ಆದವರು ಇನ್ನೊಂದು ವಿಷಯ ತಿಳಿದಿರಬೇಕು. ಕೆಲವರಲ್ಲಿ ಕೀವು ಕಿಬ್ಬೊಟ್ಟೆಯ ತಳದಲ್ಲಿ ನಿಲ್ಲುತ್ತದೆ. ಅಲ್ಲೇ ಪಕ್ಕದಲ್ಲಿರುವ ಗುದನಾಳಕ್ಕೆ ಅದು ಕಿರಿಕಿರಿ ಮಾಡುತ್ತದೆ. ಆಗ ಸ್ವಲ್ಪ ಸ್ವಲ್ಪವೇ, ಲೋಳೆ ಲೋಳೆಯಾಗಿ ಹೋಗುತ್ತದೆ, ಹೋಗಿ ಬಂದರೂ ಮತ್ತೆ ಹೋಗಬೇಕು ಅನ್ನಿಸುತ್ತದೆ. ಜೊತೆಗೆ ಚಳಿ ಜ್ವರ. ಆಪರೇಷನ್ ಆಗಿ ವಾರದ ಹೊತ್ತಿಗೆ ಹೀಗಾದರೆ ಊಟ ಹೆಚ್ಚುಕಮ್ಮಿ ಆಗಿರಬೇಕು ಎಂದುಕೊಂಡು ಕಾಯಬೇಡಿ. ಸ್ಕ್ಯಾನ್ ಮಾಡಿ ನೋಡಬೇಕಾದ ವಿಷಯ ಇದು.

ಹೊಟ್ಟೆ ಉಬ್ಬಿ ಬಿಗಿಯಾಗಿ, ಗ್ಯಾಸೂ ಹೋಗದೆ, ಹಸಿರು ವಾಂತಿ ಶುರುವಾದರೆ ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಬನ್ನಿ. ಮಲದಲ್ಲಿ ರಕ್ತ ಬಂದರೆ, ನೋವು ದಿನೇ ದಿನೇ ಏರುತ್ತಿದ್ದರೂ ಹಾಗೇ.

ಫೋನ್ ಮಾಡುವಾಗ ಡಿಸ್ಚಾರ್ಜ್ ಸಮರಿ ಕೈಯಲ್ಲಿರಲಿ. ಆಪರೇಷನ್ ಆಗಿ ಎಷ್ಟು ದಿನ, ಅಪೆಂಡಿಕ್ಸ್ ಒಡೆದಿತ್ತಾ, ಯಾವ ಮಾತ್ರೆ ನಡೆಯುತ್ತಿದೆ, ಗ್ಯಾಸ್ ಹೋಗುತ್ತಿದೆಯಾ, ಜ್ವರ ಎಷ್ಟಿದೆ. ಇಷ್ಟು ಹೇಳಿದರೆ ಮನೆಯಲ್ಲೇ ಇರಬಹುದಾ, ಬರಬೇಕಾ ಎಂದು ನಮಗೆ ಬೇಗ ಹೇಳಲು ಆಗುತ್ತದೆ.