ಮುಧೋಳ ಮರಿಯ ಮುಂಗಾಲು ಮತ್ತು ಕಾರವಾರದ ಮಳೆಗಾಲ: ನಾಲ್ಕರಿಂದ ಆರನೇ ತಿಂಗಳು

ನಮ್ಮ ಮುಧೋಳ ಮರಿ ಭೈರನ ಮುಂಗಾಲು ನೆಟ್ಟಗಾಗಿದೆ. ಮಘೆ ಮಳೆ ಮುಗಿಯುವ ಹೊತ್ತಿಗೆ ಒದ್ದೆ ಹೆಜ್ಜೆಯಲ್ಲಿದ್ದ ಹಿಂದಿನ ಗುಂಡು ಗುರುತು ಪೂರ್ತಿ ಮಾಯವಾಯಿತು. ಲಸಿಕೆ, ಜಂತು ಔಷಧ, ಹೊರಗೆ ಹೋಗುವ ರೂಢಿ ಇದೆಲ್ಲ ನಿಮಗೆ ಗೊತ್ತಿರುವ ದಾರಿಯಲ್ಲೇ ನಡೆದಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಈ ಸಲದ್ದು ಪೂರಾ ಮುಂಗಾಲಿನ ಕತೆ. ಕರಾವಳಿಯಲ್ಲಿ ದೊಡ್ಡ ಜಾತಿಯ ಮರಿ ತಂದವರಲ್ಲಿ ಬಹಳ ಜನ ಮೊದಲ ಮಳೆಗಾಲದಲ್ಲೇ ಎಡವುವುದು ಇಲ್ಲಿ.

ಮೊದಲು ಆ ಗುರುತಿನ ವಿಷಯ. ಮರಿ ಅಂಗಳದಿಂದ ಜಗಲಿಗೆ ಬಂದು ನಡೆದಾಗ ನೆಲದ ಮೇಲೆ ನಾಲ್ಕು ಬೆರಳು, ಅವುಗಳ ಹಿಂದೆ ಒಂದು ದೊಡ್ಡ ಮೆತ್ತೆ, ಇಷ್ಟೇ ಮೂಡಬೇಕು. ಮಣಿಕಟ್ಟಿನ ಹಿಂಭಾಗದಲ್ಲಿ ಇನ್ನೊಂದು ಸಣ್ಣ ಮೆತ್ತೆ ಇದೆಯಲ್ಲ, ಅದು ನಿಂತಾಗಲೂ ನಡೆದಾಗಲೂ ನೆಲ ಮುಟ್ಟಬಾರದು. ಪುನರ್ವಸು ಮಳೆ ಹಿಡಿದಾಗ ಭೈರನಿಗೆ ನಾಲ್ಕು ತಿಂಗಳು ಆಗುತ್ತಿತ್ತು. ಮೊದಲು ಬೆರಳು ಅಗಲವಾದವು. ಆಮೇಲೆ ಮಣಿಕಟ್ಟು ಹಿಂದಕ್ಕೆ ಕುಸಿಯಿತು. ಪುಷ್ಯ ಮಳೆಯ ಹೊತ್ತಿಗೆ ಎರಡೂ ಮುಂಗಾಲಿನ ಹೆಜ್ಜೆಯ ಹಿಂದೆ ಆ ಸಣ್ಣ ಮೆತ್ತೆಯ ಗುಂಡು ಕಲೆ ಸ್ಪಷ್ಟವಾಗಿ ಮೂಡತೊಡಗಿತ್ತು. ಸರಿಯಾಗಿ ನಿಂತ ಮರಿಯ ಆ ಮೆತ್ತೆಯ ಕೆಳಗೆ ವಿಸಿಟಿಂಗ್ ಕಾರ್ಡು ಸಲೀಸಾಗಿ ತೂರುತ್ತದೆ. ಇವನದ್ದಕ್ಕೆ ತೂರುತ್ತಿರಲಿಲ್ಲ.

ಇದಕ್ಕೆ ಪಶುವೈದ್ಯರು ಮಣಿಕಟ್ಟಿನ ಸಡಿಲಿಕೆ ಅನ್ನುತ್ತಾರೆ. ಬೇಗ ಬೆಳೆಯುವ ದೊಡ್ಡ ಜಾತಿಯ ಮರಿಗಳಲ್ಲಿ ಸುಮಾರಾಗಿ ಆರನೇ ವಾರದಿಂದ ಆರನೇ ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಸ್ನಾಯುವಿಗಿಂತ ಮೂಳೆಯೂ ತೂಕವೂ ಮುಂದೆ ಓಡುತ್ತವೆ, ಮಣಿಕಟ್ಟನ್ನು ಹಿಂದಿನಿಂದ ಎಳೆದು ಹಿಡಿಯುವ ಸ್ನಾಯು ಸೋಲುತ್ತದೆ. ನೋವಿಲ್ಲ, ಜ್ವರವಿಲ್ಲ, ಎರಡೂ ಕಾಲು ಒಂದೇ ಥರ. ಈ ಮೂರೂ ಸರಿಯಿದ್ದರೆ ಮಾತ್ರ ಮನೆಯಲ್ಲಿ ತಿದ್ದುವ ಕೆಲಸ. ಒಂದೇ ಕಾಲು ಹೊರಕ್ಕೆ ಬಾಗಿದ್ದರೆ, ಅದರಲ್ಲೂ ಎತ್ತರದಿಂದ ಹಾರಿ ಬಿದ್ದ ಮೇಲೆ ಬಾಗಿದ್ದರೆ, ಮುಂಗಾಲಿನ ಅಲ್ನಾ ಮೂಳೆಯ ಕೆಳತುದಿಯಲ್ಲಿ ಮೂಳೆ ಉದ್ದವಾಗುವ ಪಟ್ಟಿ ಹೊತ್ತಿಗೆ ಮುಂಚೆಯೇ ಮುಚ್ಚಿಕೊಂಡಿರಬಹುದು. ಆಗ ಎಕ್ಸ್‌ರೇ ಬೇಕೇ ಬೇಕು, ಅದೂ ಎರಡೂ ಕಾಲಿನದ್ದು, ಹೋಲಿಸಿ ನೋಡಲಿಕ್ಕೆ. ಮಣಿಕಟ್ಟಿನ ಮೇಲೆ ಬಿಸಿ ಬಾವು, ಮುಟ್ಟಿದರೆ ಕೂಗು, ಜ್ವರ 104 ಡಿಗ್ರಿ ಅಂತಿದ್ದರೆ ಅದು ಬೇರೆಯೇ ಮೂಳೆರೋಗ, ಅದೇ ದಿನ ವೈದ್ಯರ ಹತ್ತಿರ ಒಯ್ಯಬೇಕು. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರ್ ಇಲ್ಲದೆ ಮೂಗು ಮುಟ್ಟಿ ಜ್ವರ ಹೇಳುವವರ ಮಾತು ಕೇಳಬೇಡಿ.

ಈಗ ಕ್ಯಾಲ್ಸಿಯಂ. ಕಾಲು ಬಾಗಿದೆ ಅಂದ ಕೂಡಲೇ ಅಂಗಡಿಯಲ್ಲಿ ಕೈಗೆ ಕೊಡುವುದು ಕ್ಯಾಲ್ಸಿಯಂ ಸಿರಪ್. ಮರಿ ಏನು ತಿನ್ನುತ್ತದೆ, ಎಷ್ಟು ತೂಕ ಅಂತ ಒಂದು ಮಾತೂ ಕೇಳದೆ ಬಾಟಲಿ ಕಟ್ಟಿಕೊಡುತ್ತಾರೆ. ಕೆಲವರು ದನದ ಖನಿಜ ಮಿಶ್ರಣವನ್ನೇ ಚಮಚದಲ್ಲಿ ಹಾಕುತ್ತಾರೆ. ಇದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ, ಯಾಕೆಂದರೆ ಲೆಕ್ಕ ಬಹಳ ಸರಳ. ಆಗ ಭೈರನ ತೂಕ 12.6 ಕೆ.ಜಿ. ತೂಕವನ್ನು 0.75ರ ಘಾತಕ್ಕೆ ಏರಿಸಿ 70ರಿಂದ ಗುಣಿಸಿದರೆ 468, ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕಿಲೋ ಕ್ಯಾಲರಿ ಇದು. ಈ ವಯಸ್ಸಿಗೆ ಅದರ ಎರಡು ಪಟ್ಟು ಸಾಕು, ಅಂದರೆ ದಿನಕ್ಕೆ 936 ಕಿಲೋ ಕ್ಯಾಲರಿ. ಕೆ.ಜಿ.ಗೆ 3600 ಕಿಲೋ ಕ್ಯಾಲರಿ ಇರುವ ಒಣ ಆಹಾರವಾದರೆ 260 ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ 1.2 ಪ್ರತಿಶತ ಇದ್ದರೆ 3.1 ಗ್ರಾಂ ಆಗಲೇ ಹೊಟ್ಟೆಗೆ ಹೋಯಿತು. ಬೆಳೆಯುವ ಮರಿಗೆ ಬೇಕಾಗಿರುವುದು 1000 ಕಿಲೋ ಕ್ಯಾಲರಿಗೆ 3 ಗ್ರಾಂ, ದೊಡ್ಡ ಜಾತಿಯ ಮರಿಗೆ ಮೇಲಿನ ಮಿತಿ 4.5 ಗ್ರಾಂ. ನಮ್ಮ ಲೆಕ್ಕದಲ್ಲಿ 2.8 ಬೇಕು, 4.2 ದಾಟಬಾರದು. ಡೈಕ್ಯಾಲ್ಸಿಯಂ ಫಾಸ್ಫೇಟ್ ಒಂದು ಚಮಚ, ಅಂದರೆ 5 ಗ್ರಾಂ ಹಾಕಿದರೆ 1.2 ಗ್ರಾಂ ಸೇರಿ ಮಿತಿ ದಾಟಿತು. ಬೆಳೆದ ನಾಯಿಯಾದರೆ ಹೆಚ್ಚಿನದ್ದನ್ನು ಹೀರದೆ ಹೊರಗೆ ಬಿಡುತ್ತದೆ. ಸಣ್ಣ ಮರಿಯ ಕರುಳಿಗೆ ಆ ತಡೆ ಇನ್ನೂ ಬಂದಿರುವುದಿಲ್ಲ, ಕೊಟ್ಟಿದ್ದರಲ್ಲಿ ಬಹುಪಾಲು ರಕ್ತಕ್ಕೆ ಹೋಗುತ್ತದೆ, ಮೂಳೆ ಮಾಗುವ ಕ್ರಮವೇ ಕೆಡುತ್ತದೆ. ಸಿರಪ್ ಮನೆಯೊಳಗೆ ಬರಲಿಲ್ಲ.

ಮನೆ ಅಡುಗೆ ಹಾಕುವವರ ಲೆಕ್ಕ ಮಾತ್ರ ತಿರುಗುಮುರುಗು. ಅನ್ನ, ಮುಳ್ಳು ತೆಗೆದ ಮೀನು, ಎಲುಬಿಲ್ಲದ ಕೋಳಿ ಅಷ್ಟೇ ಹಾಕಿದರೆ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಅಲ್ಲಿ ನಿಜವಾಗಿಯೂ ಕೊರತೆ ಇದೆ. ರಾಗಿ ಅಂಬಲಿಯೊಂದರಿಂದ ಆ ಕೊರತೆ ತುಂಬುವುದಿಲ್ಲ. ಮೊಟ್ಟೆಯ ಸಿಪ್ಪೆ ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿದರೆ 5 ಗ್ರಾಂನಲ್ಲಿ ಹತ್ತಿರಹತ್ತಿರ 2 ಗ್ರಾಂ ಕ್ಯಾಲ್ಸಿಯಂ. ಇಲ್ಲದಿದ್ದರೆ ತಾರ್ಲೆ (ಬೂತಾಯಿ) ಮೀನು: ತಲೆ, ಹೊಟ್ಟೆ ತೆಗೆದು, ಉಪ್ಪು ಹಾಕದೆ, ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ತನಕ ಕುಕ್ಕರಿನಲ್ಲಿ ಬೇಯಿಸಬೇಕು. ಹಸಿಯಾಗಿ ಹಾಕಬೇಡಿ, ಹಸಿ ತಾರ್ಲೆಯಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಕಿಣ್ವ ಇದೆ, ಬೇಯಿಸಿದರೆ ಅದು ಸಾಯುತ್ತದೆ.

ತೂಕ ಇಳಿಸುವುದು ಮೊದಲ ಹೆಜ್ಜೆಯಾಯಿತು. ದೊಡ್ಡವನಾದಾಗ 25 ಕೆ.ಜಿ. ಆಸುಪಾಸು ಬರಬೇಕಾದ ಗಂಡುಮರಿ ನಾಲ್ಕು ತಿಂಗಳಿಗೆ 11 ಕೆ.ಜಿ. ಇದ್ದರೆ ಚೆನ್ನ. ಒಣ ಆಹಾರವನ್ನು ತಕ್ಕಡಿಯಲ್ಲೇ ತೂಗಿ 260 ಗ್ರಾಂ, ಮೂರು ಹೊತ್ತು, ಮೇಲಿನ ತುಪ್ಪ-ಅನ್ನ ಬಂದ್. ಮುಧೋಳದ ಮರಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಲೇಬೇಕು. ಅದಕ್ಕೇ ದಾರಿಯಲ್ಲಿ ಹೋಗುವವರದ್ದು ಒಂದೇ ಮಾತು: "ಎಂತಾ ಮಾರಾಯ್ರೆ, ಎಲುಬು ಕಾಣ್ತದಲ್ಲ, ಊಟ ಹಾಕೂದಿಲ್ವಾ?" ಈ ಮಾತಿಗೆ ಸೋತು ಒಂದು ಹಿಡಿ ಹೆಚ್ಚು ಹಾಕಿದರೆ ಆ ಭಾರ ಬೀಳುವುದು ಮಣಿಕಟ್ಟಿನ ಮೇಲೆ. ಇನ್ನೊಂದು ಗೋಳು ಅಂಗಡಿಯವರದ್ದು. ದೊಡ್ಡ ಚೀಲ ಒಡೆದು ಬಿಡಿಯಾಗಿ ಮಾರುವ ಆಹಾರ ನಮ್ಮ ಆಷಾಢದ ಗಾಳಿಗೆ ಬೇಗ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಿಷ ಯಕೃತ್ತಿಗೆ ನೇರ ಪೆಟ್ಟು. ಸ್ವಲ್ಪ ದುಬಾರಿಯಾದರೂ 3 ಕೆ.ಜಿ.ಯ ಮುಚ್ಚಿದ ಚೀಲ ತಂದು, ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದೇ ಸರಿ.

ಎರಡನೆಯದು ಉಗುರು. ಬಯಲುಸೀಮೆಯ ಗಟ್ಟಿ ನೆಲದಲ್ಲಿ ಉಗುರು ತಾನೇ ಸವೆಯುತ್ತದೆ. ಇಲ್ಲಿ ಮಳೆಗಾಲದಲ್ಲಿ ಮರಿ ಇರುವುದು ಮನೆಯೊಳಗೆ, ಹೊರಗೆ ಹೋದರೂ ಕೆಸರು. ಉದ್ದ ಉಗುರು ನೆಲಕ್ಕೆ ತಾಗಿ ಬೆರಳನ್ನು ಮೇಲಕ್ಕೆ ತಳ್ಳುತ್ತದೆ, ಬೆರಳು ಎದ್ದಷ್ಟು ಭಾರ ಹಿಂದಕ್ಕೆ, ಮಣಿಕಟ್ಟಿಗೆ. ಐದಾರು ದಿನಕ್ಕೊಮ್ಮೆ ಒಂದೆರಡು ಮಿಲಿಮೀಟರ್ ಕತ್ತರಿಸಿದರೆ ಒಳಗಿನ ನರವೂ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಕಪ್ಪು ಉಗುರಾದರೆ ತೆಳ್ಳಗೆ ತೆಳ್ಳಗೆ ಕೊಯ್ಯುತ್ತಾ ಹೋಗಿ, ಕೊಯ್ದ ಮುಖದ ನಡುವೆ ಕಪ್ಪು ಚುಕ್ಕೆ ಕಂಡಲ್ಲಿ ನಿಲ್ಲಿಸಿ. ಒಳಬದಿಯ ಮೇಲುಗುರನ್ನು ಮರೆತರೆ ಅದು ಸುರುಳಿಯಾಗಿ ಚರ್ಮಕ್ಕೆ ನಾಟುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನೆಲ. ನುಣುಪು ಟೈಲ್ಸ್ ಮೇಲೆ ಮರಿ ಜಾರದಿರಲು ಬೆರಳು ಅಗಲಿಸಿ, ಮಣಿಕಟ್ಟು ತಗ್ಗಿಸಿ ನಡೆಯುತ್ತದೆ. ದಿನವಿಡೀ ಹಾಗೆ ನಡೆದರೆ ಅದೇ ನಿಲುವು ಆಗಿಬಿಡುತ್ತದೆ. ಮೇಲಿನ ಸೀಮೆಯಲ್ಲಿ, ಶಿರಸಿ ಕಡೆ, ಸಗಣಿ ಸಾರಿಸಿದ ಅಂಗಳ ಇರುವ ಮನೆಗಳಲ್ಲಿ ಈ ತೊಂದರೆ ಕಡಿಮೆ. ಮೊದಲು ಹಾಸಿದ್ದು ತೆಂಗಿನ ನಾರಿನ ಮ್ಯಾಟು. ಹಿಡಿತ ಚೆನ್ನಾಗಿತ್ತು, ಆದರೆ ಒಮ್ಮೆ ಒದ್ದೆಯಾದದ್ದು ಒಣಗಲೇ ಇಲ್ಲ, ಬೂಸ್ಟು ಬಂತು, ಮರಿಯ ಬೆರಳ ಸಂದಿ ಕೆಂಪಾಯಿತು. ಗೋಣಿಚೀಲ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ಕೆಲಸ ಮಾಡಿದ್ದು ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟು, ಆರೂವರೆ ಅಡಿಗೆ ನಾಲ್ಕು ಅಡಿಯದ್ದು. ಹುಬ್ಬಳ್ಳಿಯಿಂದ ತರಿಸಿದ್ದು ಅರಬೈಲ್ ಘಟ್ಟ ಇಳಿದು ಬಂದು ಬಿಚ್ಚಿ ನೋಡಿದರೆ ಮೇಲ್ಮೈ ಪೂರಾ ನುಣುಪು! ಫೋನಿನಲ್ಲಿ ಹೇಳಿದ್ದು ಗುಬ್ಬಿ ಗುಬ್ಬಿ ಇರುವ ಮೈ, ಕಳಿಸಿದ್ದು ಗೋದಾಮಿನಲ್ಲಿ ಉಳಿದದ್ದು. ಬದಲಾಯಿಸಿಕೊಡಲಿಕ್ಕೆ ಎಳೆದಾಡಿದರು, ಲಾರಿ ಬಾಡಿಗೆ ನಮ್ಮ ತಲೆಗೇ ಬಂತು. ತರಿಸುವವರು ಮೇಲ್ಮೈಯ ಫೋಟೊ ನೋಡದೆ ಹಣ ಹಾಕಬೇಡಿ. ಅಡಿಯ ಕಾಲುವೆಯ ಬದಿ ನೆಲಕ್ಕೆ, ಗುಬ್ಬಿಯ ಬದಿ ಮೇಲೆ. ಹೊಸ ರಬ್ಬರಿನ ವಾಸನೆ ಹೋಗಲು ಸೋಪಿನ ಪುಡಿಯಲ್ಲಿ ಉಜ್ಜಿ ಮಳೆಗೆ ಬಿಟ್ಟರೆ ಸಾಕು. ವಾರಕ್ಕೊಮ್ಮೆ ಎತ್ತಿ ಕೆಳಗಿನ ನೀರು ಒರೆಸಬೇಕು, ಇಬ್ಬರು ಹಿಡಿದರೇ ಏಳುವ ಭಾರ ಅದು. ಮರಿ ಮಲಗುವಲ್ಲಿಂದ ತಟ್ಟೆಗೆ, ತಟ್ಟೆಯಿಂದ ಬಾಗಿಲಿಗೆ ಹೋಗುವ ದಾರಿ ಉದ್ದಕ್ಕೂ ಹಾಸಿದರೆ ಸಾಕು, ಇಡೀ ಮನೆ ಮುಚ್ಚಬೇಕಿಲ್ಲ.

ಅಂಗಳದ ಚಿರೆಕಲ್ಲಿಗೆ ಪಾಚಿ ಕಟ್ಟಿದರೆ ಅದು ಟೈಲ್ಸಿಗಿಂತ ಕೆಟ್ಟದ್ದು. ಬ್ಲೀಚಿಂಗ್ ಪುಡಿ ಹಾಕಿ ಹಿಡಿಸೂಡಿಯಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು, ವಾಸನೆ ಹೋದ ಮೇಲೆಯೇ ಮರಿಯನ್ನು ಬಿಡಬೇಕು. ಇಲ್ಲದಿದ್ದರೆ ಅಂಗಾಲು ಸುಡುತ್ತದೆ.

ಪಟ್ಟಿ ಕಟ್ಟುವ ವಿಚಾರ ಕೇಳಿದವರಿದ್ದಾರೆ. ಕಟ್ಟಬೇಡಿ. ಸೋತ ಸ್ನಾಯುವಿಗೆ ಕೆಲಸ ಬೇಕು. ಪಟ್ಟಿ ಆ ಕೆಲಸ ಕಿತ್ತುಕೊಂಡು ಕಾಲನ್ನು ಇನ್ನೂ ಸಡಿಲ ಮಾಡುತ್ತದೆ. ನಾವು ಮಾಡಿದ್ದು ಮಳೆ ಬಿಟ್ಟು ಹೊಳವು ಸಿಕ್ಕಾಗಲೆಲ್ಲ ಹೊರಗೆ ಒಯ್ಯುವುದು: ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಐದರಿಂದ ಎಂಟು ನಿಮಿಷ, ಹಗ್ಗ ಸಡಿಲ ಬಿಟ್ಟು, ಗೊರಚು ಮಣ್ಣಿನ ಸಣ್ಣ ಏರಿನಲ್ಲಿ ನಿಧಾನ ನಡಿಗೆ. ಚೆಂಡು ಎಸೆತ ಇಲ್ಲ, ಮೆಟ್ಟಿಲು ಇಲ್ಲ, ಜಗಲಿಯಿಂದ ಹಾರುವುದು ಇಲ್ಲ. ಆಶ್ಲೇಷ ಮಳೆಯ ಕೊನೆಗೆ ಕಾರ್ಡು ತೂರತೊಡಗಿತು, ಮೊದಲು ಬಲಗಾಲಿಗೆ. ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಲ್ಲಿಸಿ ಮೊಬೈಲನ್ನು ಮಣಿಕಟ್ಟಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ತೆಗೆದ ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದರೆ ಬದಲಾವಣೆ ಎದ್ದು ಕಾಣುತ್ತದೆ. ಮೇಲಿನಿಂದ ತೆಗೆದ ಫೋಟೊ ಯಾವ ಉಪಯೋಗಕ್ಕೂ ಇಲ್ಲ.

ಇಷ್ಟರ ನಡುವೆ ಮುಂದಿನ ಯೋಜನೆ ತಲೆಯಲ್ಲಿ ಕೂತಿದೆ: ಓಟದ ಯಂತ್ರ, ಅಂದರೆ ನಾಯಿ ಬೆನ್ನಟ್ಟಿ ಓಡಲಿ ಅಂತ ಅದರ ಮುಂದೆ ಚೀಲವೊಂದನ್ನು ದಾರದಲ್ಲಿ ಎಳೆಯುವ ಯಂತ್ರ. ಹಳೆ ಕಾರಿನ 12 ವೋಲ್ಟಿನ ಸ್ಟಾರ್ಟರ್ ಮೋಟಾರು, ಅದಕ್ಕೆ ಒಂದು ಡ್ರಮ್ಮು, ಬೈತಖೋಲ ಬಂದರಿನ ಕಡೆ ಸಿಗುವ ಹೆಣೆದ ಮೀನುದಾರ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ. ಸ್ಟಾರ್ಟರ್ ಮೋಟಾರು ಬೇಗ ಕಾಯುತ್ತದೆ, ಆದ್ದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಓಡಿಸುವ ಹಾಗಿಲ್ಲ. ಓಡುವ ದಾರ ಕಾಲಿಗೆ ತಾಗಿದರೆ ಚರ್ಮ ಸುಲಿಯುತ್ತದೆ, ಅದಕ್ಕೇ ಮೊದಲಿಗೆ ಕಪ್ಪಿ ಇಲ್ಲದೆ ನೇರ ಗೆರೆಯ ಎಳೆತ ಮಾತ್ರ. ಭೈರನಿಗೆ 15 ತಿಂಗಳು ತುಂಬುವ ತನಕ ಯಂತ್ರ ಸಿದ್ಧವಾದರೂ ಓಡುವುದಿಲ್ಲ. ಕಡಲ ದಂಡೆಯಲ್ಲಿ ಮಾಡುವುದಾದರೆ ಇನ್ನೊಂದು ವಿಷಯ: ಚಳಿಗಾಲದಲ್ಲಿ ನಮ್ಮ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡಲು ಬರುತ್ತದೆ. ನಾಯಿಗೆ ಗೂಡು ಕೆದರುವುದು ಕ್ಷಣದ ಕೆಲಸ. ಆ ತಿಂಗಳುಗಳಲ್ಲಿ ದಂಡೆಯಲ್ಲಿ ಹಗ್ಗ ಬಿಚ್ಚಲೇಬಾರದು.

ಮಳೆ ಇಳಿದ ಮೇಲೆ ನಡಿಗೆ ಮರಳಿಗೆ ಹೋಗಿದೆ. ಒಣ ಮರಳು ಮೆತ್ತಗೆ, ಮಣಿಕಟ್ಟನ್ನು ಮತ್ತೆ ಹಿಂದಕ್ಕೆ ಬಗ್ಗಿಸುತ್ತದೆ. ಇಳಿತದ ಹೊತ್ತಿಗೆ ನೀರಂಚಿನಲ್ಲಿ ನಮ್ಮ ಹಿಮ್ಮಡಿ ಅರೆಬರೆ ಮೂಡುವಷ್ಟು ಗಟ್ಟಿಯಾದ ಪಟ್ಟಿ ಇರುತ್ತದೆ, ಅಲ್ಲೇ ನಡೆಸಬೇಕು. ಬಂದ ಮೇಲೆ ಸಿಹಿನೀರಲ್ಲಿ ಕಾಲು ತೊಳೆದು ಬೆರಳ ಸಂದಿ ಒರೆಸುವುದು. ಒದ್ದೆ ಮರಳಿನಲ್ಲಿ ಕೊಕ್ಕೆಹುಳದ ಕಾಟ ಇದೆ, ಹಾಗಾಗಿ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತು ಔಷಧ ತಪ್ಪಿಸಿಲ್ಲ. ಉಣ್ಣಿಗೆ ವೈದ್ಯರು ತೂಕ ನೋಡಿ ಕೊಟ್ಟ ಗುಳಿಗೆ. ಸಿದ್ದಾಪುರ, ಹೊನ್ನಾವರ ಕಾಡಂಚಿನವರು ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಮಳೆಗಾಲ ಕಳೆದು ಬೇಸಿಗೆ ಮುಗಿಯುವವರೆಗೆ, ನಾಯಿಯನ್ನು ದರಕಿನ (ಉದುರಿದ ಒಣ ಎಲೆಯ) ಮೇಲೆ ಓಡಾಡಿಸದಿರುವುದು ಮನೆಮಂದಿಗೂ ಕ್ಷೇಮ.

ಮುಂದಿನ ಆರು ತಿಂಗಳಲ್ಲಿ ಕಾಯಬೇಕಾದದ್ದು ಕಾಲು ಬದಲಿಸುವ ಕುಂಟು. ಇವತ್ತು ಎಡ ಮುಂಗಾಲು, ಇನ್ನೊಂದು ವಾರ ಬಲ ಹಿಂಗಾಲು ಅಂತ ಸುತ್ತಿದರೆ ಅದು ಬೆಳೆಯುವ ಮೂಳೆಯ ಉರಿ, ಸಾಮಾನ್ಯವಾಗಿ ಐದರಿಂದ ಹನ್ನೆರಡು ತಿಂಗಳೊಳಗೆ ಬರುತ್ತದೆ, ತಾನಾಗಿ ಹೋಗುತ್ತದೆ. ಒಂದೇ ಭುಜದ ಕುಂಟು ಎರಡು ವಾರ ದಾಟಿದರೆ ಎಕ್ಸ್‌ರೇ. ಆಗ ಮಂಪರು ಕೊಡುವ ಮುಂಚೆ ಇದು ಬೇಟೆಯ ತೆಳು ಮೈಯ ಜಾತಿ ಅಂತ ವೈದ್ಯರಿಗೆ ಹೇಳಲೇಬೇಕು. ಗ್ರೇಹೌಂಡ್ ಥರದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಥಯೋಪೆಂಟೋನ್ ಎಂಬ ಮಂಪರಿನ ಔಷಧವನ್ನು ಕರಗಿಸುವುದು ನಿಧಾನ, ಹಾಗಾಗಿ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ದಿನ ಗೊತ್ತು ಮಾಡುವಾಗಲೇ ಹೇಳಿಡಿ. ಟೇಬಲ್ ಮೇಲೆ ಮಲಗಿಸಿದ ಮೇಲೆ ಹೇಳಿದರೆ ಬೇರೆ ಔಷಧ ಅಲ್ಲಿ ಇರಲಿಕ್ಕಿಲ್ಲ.